ಎಂಜಿನ್ನಿನ ಗಾಲಿ ನೆರಳಾದ ಬಗೆ

ವಿಜಯಪುರ ಜಿಲ್ಲೆಯ ನಮ್ಮೂರಿನ ಹತ್ತಿ ಗಿರಣಿ ನಿಂತು ಮೂವತ್ತು ವರ್ಷಗಳ ಮೇಲಾಯಿತು. ಹೋದ ವರ್ಷ ಅದರ ಗೋಡೆಗಳನ್ನು ಕೆಡವಿ ಜಾಗವನ್ನು ಪ್ಲಾಟು ಮಾಡುವುದೆಂದು ನಿರ್ಧಾರವಾದಾಗ, ಒಳಗೆ ಉಳಿದಿದ್ದ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿದರು. ಹತ್ತಿಯಿಂದ ಕಾಳು ಬಿಡಿಸುವ ಜಿನ್ನುಗಳು ಹೋದವು, ಎಂಜಿನ್ನಿನ ಬಲವನ್ನು ಅವುಗಳಿಗೆ ಮುಟ್ಟಿಸುತ್ತಿದ್ದ ಲೈನ್ ಶಾಫ್ಟು ಮತ್ತು ಅದರ ಪುಲ್ಲಿಗಳು ಹೋದವು, ಎಂಜಿನ್ನಿನ ಸಿಲಿಂಡರು ಮತ್ತು ಪಿಸ್ಟನ್ನು ಸಹ ಹೋದವು. ಕೊನೆಗೆ ಉಳಿದದ್ದು ಎಂಜಿನ್ನಿನ ಗಾಲಿ, ಅಂದರೆ ಫ್ಲೈವೀಲ್, ಒಂದೇ. ಅದು ಬೀಡಿನದು, ಅಂದರೆ ಎರಕ ಹೊಯ್ದ ಕಬ್ಬಿಣದ್ದು. ಬೀಡು ಕಬ್ಬಿಣವನ್ನು ಉಕ್ಕಿನಂತೆ ಗ್ಯಾಸಿನಿಂದ ಸಲೀಸಾಗಿ ಕತ್ತರಿಸಲು ಬರುವುದಿಲ್ಲ. ಅದನ್ನು ಘಣದಿಂದ ಬಡಿದು ಒಡೆಯಬೇಕು. ಒಡೆಯುವ ಆಳುಗಳು ಮರುದಿನ ಬರುವವರಿದ್ದರು. ಹಿಂದಿನ ಸಂಜೆ ನಾನು ಹೋಗಿ, ಗುಜರಿಯವರು ಕಟ್ಟಿದ ಬೆಲೆಯನ್ನೇ ಕೊಟ್ಟು, ಆ ಗಾಲಿಯನ್ನು ಇಡಿಯಾಗಿ ಬಿಡಿಸಿಕೊಂಡು ಬಂದೆ. ಅವ್ವ ಕೇಳಿದ್ದು ಒಂದೇ ಮಾತು: "ಅಷ್ಟ ರೊಕ್ಕಕ್ಕ ಒಂದ ಎತ್ತ ಬರತಿತ್ತಲ್ಲೋ ತಮ್ಮಾ, ಇದನ್ನ ತಂದ ಏನ ಮಾಡಾಂವ?"

ಆ ಪ್ರಶ್ನೆಗೆ ಉತ್ತರ ಸಿಗಲು ನನಗೆ ಏಳು ತಿಂಗಳು ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ ಆ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಎಂಜಿನ್ ಡ್ರೈವರ್ ಆಗಿದ್ದರು. ನಾನು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಹದಿನಾರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಬೆಳಗಾವಿಗೆ ಕಬ್ಬಿಣದ ಕೆಲಸ ಹೊಸದಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1888ರಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲು ಮಾಡುವವರೆಗೆ ಬೆಳೆದದ್ದು ಇದೇ ಊರಿನಲ್ಲಿ. 1910ರಲ್ಲಿ ಅವರ ಕಾರ್ಖಾನೆ ಕಿರ್ಲೋಸ್ಕರವಾಡಿಗೆ ಹೋದರೂ ಎರಕದ ಕಸುಬು ಇಲ್ಲಿ ಉಳಿದು ಬೆಳೆಯಿತು. ನಮ್ಮ ಭಟ್ಟಿಗೆ ದಿನವೂ ಟನ್ನುಗಟ್ಟಲೆ ಒಡೆದ ಬೀಡು ಬರುತ್ತದೆ. ಅದರಲ್ಲಿ ಇಂಥ ಗಾಲಿಗಳ ಚೂರುಗಳೂ ಇರುತ್ತವೆ. ಕರಗಿಸುವುದು ತಪ್ಪೆಂದು ನಾನು ಹೇಳಲಾರೆ, ಏಕೆಂದರೆ ನನ್ನ ಅನ್ನವೇ ಅದು; ಸುಮಾರು 1,200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಬೀಡು ಮತ್ತೆ ಪಂಪಿನ ಕವಚವೋ ಮೋಟಾರಿನ ಮೈಯೋ ಆಗಿ ಹೊರಬರುವುದು ಒಳ್ಳೆಯ ಕೆಲಸವೇ. ಆದರೆ ಕರಗಿಸಿದಾಗ ಕೈಗೆ ಬರುವುದು ಲೋಹ ಮಾತ್ರ. ಆಕಾರ, ಸಮತೂಕ, ನಡುವಿನಲ್ಲಿ ಕೊರೆದ ನಿಖರವಾದ ರಂಧ್ರ, ಜೋಡಣೆಯ ಬೋಲ್ಟುಗಳು, ಇವೆಲ್ಲವನ್ನೂ ಒಮ್ಮೆ ಯಾರೋ ತಿಂಗಳುಗಟ್ಟಲೆ ದುಡಿದು ಮಾಡಿರುತ್ತಾರೆ, ಮತ್ತು ಅವು ಘಣದ ನಾಲ್ಕು ಏಟಿಗೆ ಹೋಗಿಬಿಡುತ್ತವೆ. ದೊಡ್ಡ ಯಂತ್ರದ ಭಾಗವೊಂದನ್ನು ಬೇರೆ ಕೆಲಸಕ್ಕೆ ಹಚ್ಚಬೇಕೆಂದರೆ, ಅದನ್ನು ಕತ್ತರಿಸದೆ, ಬೆಸೆಯದೆ, ಅದಕ್ಕೆ ಮೊದಲಿನಿಂದಲೂ ಇರುವ ಗುಣವನ್ನೇ ದುಡಿಸಿಕೊಳ್ಳಬೇಕು ಎಂಬುದು ಈ ಏಳು ತಿಂಗಳಲ್ಲಿ ನನಗೆ ಗಟ್ಟಿಯಾದ ಮಾತು.

ಹಾಗಾದರೆ ಈ ಗಾಲಿಯ ಗುಣ ಯಾವುದು? ಒಂದೇ ಸಿಲಿಂಡರಿನ ನಾಲ್ಕು ಹೊಡೆತದ (ಪಿಸ್ಟನ್ನಿನ ಒಂದೊಂದು ಓಟವೂ ಒಂದು ಹೊಡೆತ) ಆಯಿಲ್ ಎಂಜಿನ್ನಿನಲ್ಲಿ ಗಾಲಿ ಎರಡು ಸುತ್ತು ತಿರುಗಿದರೆ ಇಂಧನ ಉರಿದು ಬಲ ಬರುವುದು ಒಮ್ಮೆ ಮಾತ್ರ. ಉಳಿದ ಮೂರು ಹೊಡೆತಗಳಲ್ಲಿ ಎಂಜಿನ್ನು ಬಲವನ್ನು ಕೊಡುವುದಿಲ್ಲ, ತಾನೇ ಕೇಳುತ್ತದೆ. ಆ ಹೊತ್ತಿನಲ್ಲಿ ಜಿನ್ನುಗಳು ತಡವರಿಸದಂತೆ, ಪಟ್ಟಾ ಜಾರದಂತೆ ಎಲ್ಲವನ್ನೂ ಎಳೆದುಕೊಂಡು ಹೋಗುವುದು ಗಾಲಿಯ ಭಾರ. ನಮ್ಮ ಗಾಲಿಯ ವ್ಯಾಸ 2.1 ಮೀಟರ್. ಎಂಜಿನ್ನು ನಿಮಿಷಕ್ಕೆ 200 ಸುತ್ತು ತಿರುಗುತ್ತಿತ್ತೆಂದು ಅಪ್ಪ ಹೇಳುತ್ತಿದ್ದರು. ಅಂದರೆ ಗಾಲಿಯ ಅಂಚು ಗಂಟೆಗೆ ಸುಮಾರು 79 ಕಿ.ಮೀ. ವೇಗದಲ್ಲಿ ಓಡುತ್ತಿತ್ತು. ಆ ಓಟದಲ್ಲಿ ಹೊರಬಳೆಯೊಂದರಲ್ಲೇ ಅಡಗಿರುತ್ತಿದ್ದ ಶಕ್ತಿಯಿಂದ ಒಂದು ಟನ್ ಭಾರವನ್ನು 29 ಮೀಟರ್ ಎತ್ತರಕ್ಕೆ ಎತ್ತಬಹುದಾಗಿತ್ತು. ತಿರುಗಾಟ ನಿಂತ ಮೇಲೆ ಶಕ್ತಿ ಹೋಯಿತು, ಭಾರ ಉಳಿಯಿತು.

ಆ ಭಾರವನ್ನು ಮೊದಲು ಲೆಕ್ಕ ಹಾಕಿಯೇ ತಿಳಿದುಕೊಂಡೆ. ಇಂಥ ವಸ್ತುವನ್ನು ಸಾಗಿಸುವವರು ಅಂದಾಜಿನ ಮೇಲೆ ಹೋಗಬಾರದು. ಹೊರಬಳೆಯ ಅಗಲ 25 ಸೆಂ.ಮೀ., ದಪ್ಪ 12 ಸೆಂ.ಮೀ., ಬಳೆಯ ನಡುಗೆರೆಯ ಸುತ್ತಳತೆ 6.22 ಮೀಟರ್, ಇವನ್ನು ಗುಣಿಸಿದರೆ ಸುಮಾರು 0.187 ಘನ ಮೀಟರ್ ಆಗುತ್ತದೆ. ಬೀಡಿನ ಒಂದು ಘನ ಮೀಟರಿಗೆ ಸುಮಾರು 7,200 ಕಿಲೋ ತೂಕವಿರುವುದರಿಂದ ಹೊರಬಳೆಯೊಂದೇ 1,340 ಕಿಲೋ ತೂಗುತ್ತದೆ. ಆರು ಅರಗಳು ಮತ್ತು ನಡುವಿನ ಗುಂಬ ಸೇರಿ ಮತ್ತೆ ನಾನೂರು ಕಿಲೋಗೆ ಕಡಿಮೆಯಿರದು ಎಂದುಕೊಂಡಿದ್ದೆ. ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ಏರಿಸಿದಾಗ 1,780 ಕಿಲೋ ಬಂತು. ಅದೃಷ್ಟಕ್ಕೆ, ದೊಡ್ಡ ಗಾಲಿಗಳಲ್ಲಿ ಹಲವನ್ನು ಮಾಡುವಂತೆ ಇದನ್ನೂ ಎರಡು ಹೋಳಾಗಿ ಎರಕ ಹೊಯ್ದು, ಗುಂಬದ ಹತ್ತಿರ ನಾಲ್ಕು ಮತ್ತು ಅಂಚಿನಲ್ಲಿ ನಾಲ್ಕು ಬೋಲ್ಟು ಹಾಕಿ ಕೂಡಿಸಿದ್ದರು. ಸೀಮೆಎಣ್ಣೆ ಮತ್ತು ಎಂಜಿನ್ ಆಯಿಲ್ ಬೆರೆಸಿ ಒಂಬತ್ತು ದಿನ ನೆನೆಹಾಕಿದ ಮೇಲೆ ಎಂಟೂ ನಟ್ಟುಗಳು ಬಿಟ್ಟುಕೊಂಡವು. ಹೋಳೊಂದಕ್ಕೆ 890 ಕಿಲೋ ಆದ್ದರಿಂದ ಚೈನ್ ಕಪ್ಪಿ, ಮರದ ದಿಮ್ಮಿ ಮತ್ತು ಎರಡು ಹಾರೆಗಳಲ್ಲೇ ಟ್ರ್ಯಾಕ್ಟರ್ ಟ್ರೇಲರಿಗೆ ಏರಿಸಲು ಸಾಧ್ಯವಾಯಿತು.

ಗುಜರಿಯ ಬೆಲೆಯ ವಿಷಯ ಬಂದಾಗಲೆಲ್ಲ ನನಗೆ ವಿಜಯಪುರದ ಮಲಿಕ್-ಎ-ಮೈದಾನ್ ನೆನಪಾಗುತ್ತದೆ. 1549ರಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಆ ತೋಪನ್ನು 1854ರಲ್ಲಿ ಹರಾಜಿಗೆ ಹಾಕಿದಾಗ ಸವಾಲು ನಿಂತದ್ದು 150 ರೂಪಾಯಿಗೆ. ಆ ಹರಾಜು ರದ್ದಾದ್ದರಿಂದ ತೋಪು ಇಂದಿಗೂ ಶೇರ್ಜಾ ಬುರುಜಿನ ಮೇಲೆ ಕುಳಿತಿದೆ. ನಾನು ತಂದ ಗಾಲಿಯನ್ನು ಅದರ ಪಕ್ಕದಲ್ಲಿಟ್ಟು ನೋಡುವ ಮಾತಿಲ್ಲ. ಆದರೆ ಎರಕದವನ ಕಣ್ಣಿಗೆ ಅಂಥ ತೋಪಿನ ಮೈಯೂ ಇಂಥ ಗಾಲಿಯ ಮೈಯೂ ಒಂದೇ ಬಗೆಯ ಕೈಕೆಲಸದ ಗುರುತುಗಳನ್ನು ತೋರಿಸುತ್ತವೆ: ಅಚ್ಚಿನ ಎರಡು ಭಾಗಗಳು ಕೂಡಿದ ಗೆರೆ, ಲೋಹ ಆರುತ್ತ ಕುಗ್ಗಿದ ಜಾಗ, ಉಳಿಯಿಂದ ಸವರಿದ ಕಲೆ.

ಏನು ಮಾಡಬಹುದೆಂದು ಕೇಳಿದಾಗ ಎಲ್ಲರೂ ಒಂದೊಂದು ದಾರಿ ಹೇಳಿದರು. ಅರ್ಧ ಗಾಲಿಯನ್ನು ನೆಟ್ಟಗೆ ನಿಲ್ಲಿಸಿ ಹೊಲದ ಬಾಗಿಲಿಗೆ ಕಮಾನು ಮಾಡು ಎಂದರು. ಆದರೆ ಅರ್ಧ ಗಾಲಿಯ ಎತ್ತರ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಅಷ್ಟೆ, ಅದರಡಿ ಕುರಿ ಹಾಯಬಹುದು. ಮೇಲೆ ಗಾಜು ಹಾಸಿ ಮೇಜು ಮಾಡು ಎಂದವರೂ ಇದ್ದರು. 1,780 ಕಿಲೋ ತೂಕದ ಮೇಜನ್ನು ಹೊರುವ ನೆಲ ನಮ್ಮ ಮನೆಯಲ್ಲಿಲ್ಲ. ಗೋಡೆಗೆ ನಿಲ್ಲಿಸಿ ಬಳ್ಳಿ ಹಬ್ಬಿಸುವುದು ನೋಡಲು ಚೆಂದ, ಆದರೆ ಏಪ್ರಿಲ್ ತಿಂಗಳ ನಮ್ಮ ಬಿಸಿಲಿಗೆ ಬೀಡಿನ ಮೈ ಹೆಂಚಿನಂತೆ ಕಾಯುತ್ತದೆ ಮತ್ತು ಎಳೆ ಬಳ್ಳಿಯ ತುದಿಗಳು ಸುಟ್ಟುಹೋಗುತ್ತವೆ. ನಾನು ಇದನ್ನು ತೊಂಡೆಬಳ್ಳಿಯಲ್ಲಿ ಒಂದು ತಿಂಗಳು ನೋಡಿಯೇ ಕೈಬಿಟ್ಟೆ.

ಆ ತಿಂಗಳಲ್ಲೇ ನಾನೊಂದು ತಪ್ಪು ಮಾಡಿದೆ. ಗಾಲಿಯನ್ನು ಎತ್ತಿ ಹಿಡಿಯಲು ಅನುಕೂಲವಾಗಲೆಂದು ಒಂದು ಅರಕ್ಕೆ ಉಕ್ಕಿನ ಬಳೆಯೊಂದನ್ನು ವೆಲ್ಡ್ ಮಾಡಿಸಿದೆ. ಬೀಡಿನಲ್ಲಿ ಇಂಗಾಲ ನೂರಕ್ಕೆ ಎರಡರಿಂದ ನಾಲ್ಕು ಪಾಲು ಇರುತ್ತದೆ. ಒಂದೇ ಜಾಗವನ್ನು ಥಟ್ಟನೆ ಕಾಯಿಸಿ ಥಟ್ಟನೆ ಆರಲು ಬಿಟ್ಟರೆ ಆ ಜಾಗ ಗಾಜಿನಂತೆ ಪೆಡಸಾಗುತ್ತದೆ, ಸುತ್ತಲಿನ ತಣ್ಣನೆಯ ಲೋಹ ಅದನ್ನು ಎಳೆಯುತ್ತದೆ. ಬೆಸೆಯಲೇಬೇಕೆಂದರೆ ಇಡೀ ಭಾಗವನ್ನು ಮೊದಲೇ ಕಾಯಿಸಿ, ನಿಕ್ಕಲ್ ರಾಡು ಬಳಸಿ, ಬೂದಿಯಲ್ಲೋ ಸುಣ್ಣದಲ್ಲೋ ಹುಗಿದು ನಿಧಾನವಾಗಿ ಆರಿಸಬೇಕು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ, ಅವಸರ ಮಾಡಿದೆ. ಅಂದು ರಾತ್ರಿ ಊಟಕ್ಕೆ ಕುಳಿತಾಗ ಹಿತ್ತಲಿನಿಂದ ಗಂಟೆ ಬಾರಿಸಿದಂತೆ ಟಿಣ್ಣೆಂದು ಒಂದು ಸದ್ದು ಬಂತು. ಬೆಳಿಗ್ಗೆ ನೋಡಿದರೆ ಬೆಸುಗೆಯ ಅಂಚಿನಿಂದ ಅರದ ಮೈಯಲ್ಲಿ ಒಂದು ಗೇಣಿನಷ್ಟು ಉದ್ದಕ್ಕೆ ಕೂದಲೆಳೆಯಂಥ ಬಿರುಕು ಓಡಿತ್ತು. ಬಿರುಕಿನ ತುದಿಯಲ್ಲಿ 6 ಮಿ.ಮೀ. ರಂಧ್ರ ಕೊರೆದು ಅದು ಮುಂದೆ ಹೋಗದಂತೆ ತಡೆದೆ. ಬಿರುಕಿನ ತುದಿ ಸೂಜಿಯಂತೆ ಚೂಪಾಗಿದ್ದಾಗ ಎಳೆತವೆಲ್ಲ ಅಲ್ಲೇ ಕೂಡಿಕೊಳ್ಳುತ್ತದೆ. ದುಂಡಗಿನ ರಂಧ್ರದಲ್ಲಿ ಅದು ಹರಡಿಹೋಗುತ್ತದೆ. ಆಮೇಲೆ ಅರವನ್ನು ಎರಡು ಕಡೆಯಿಂದ ಉಕ್ಕಿನ ಪಟ್ಟಿಯಿಟ್ಟು ಬೋಲ್ಟಿನಿಂದ ಬಿಗಿದೆ. ಆ ಪಟ್ಟಿ ಈಗಲೂ ಹಾಗೇ ಇದೆ. ಅಲ್ಲಿಂದ ಮುಂದೆ ಗಾಲಿಗೆ ಬೆಂಕಿ ತೋರಿಸಲಿಲ್ಲ.

ದಾರಿ ಕಂಡದ್ದು ಗಾಲಿಯನ್ನು ತೊಳೆಯುವಾಗ. ತೊಳೆಯುವ ಬಗೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಯಂತ್ರಗಳ ಬಣ್ಣದ ಕೆಳಗಿನ ಕೆಂಪು ಅಸ್ತರಿನಲ್ಲಿ ಸೀಸವಿರುವುದು ಸಾಮಾನ್ಯ. ಅದನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬಾರದು, ನೀರು ಹಾಕುತ್ತ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಕೆರೆಯಬೇಕು, ಕೆರೆದದ್ದನ್ನು ಹೊಲಕ್ಕೆ ಚೆಲ್ಲದೆ ಡಬ್ಬಿಯಲ್ಲಿ ತುಂಬಿಡಬೇಕು. ತುಕ್ಕನ್ನು ತಂತಿ ಬ್ರಷ್ಷಿನಿಂದ ಸಡಿಲಾದಷ್ಟು ತೆಗೆದು, ಉಳಿದದ್ದಕ್ಕೆ ಅಳಲೆಕಾಯಿಯನ್ನು ಜಜ್ಜಿ ಕುದಿಸಿದ ಕಷಾಯ ಹಚ್ಚಿದೆ. ಅಳಲೆಯಲ್ಲಿರುವ ಒಗರು, ಅಂದರೆ ಟ್ಯಾನಿನ್, ತುಕ್ಕಿನೊಂದಿಗೆ ಕೂಡಿ ಕಪ್ಪು ಪದರವಾಗುತ್ತದೆ. ಹಿಂದಿನವರು ಕಬ್ಬಿಣ ಮತ್ತು ಅಳಲೆಕಾಯಿಯಿಂದ ಶಾಯಿ ಮಾಡುತ್ತಿದ್ದುದೂ ಇದೇ ಗುಣದಿಂದ. ಮೂರು ಸಲ ಹಚ್ಚಿ ಒಣಗಿಸಿದ ಮೇಲೆ ಅಗಸಿ ಎಣ್ಣೆಯನ್ನು ತೆಳ್ಳಗೆ ಸವರಿದೆ. ನಮ್ಮ ಕಡೆ ಅಗಸಿಯೆಂದರೆ ಚಟ್ನಿಪುಡಿ ನೆನಪಾಗುತ್ತದೆ. ಆದರೆ ಅದರ ಎಣ್ಣೆ ಗಾಳಿಯಲ್ಲಿ ಗಟ್ಟಿಯಾಗಿ ವಾರ್ನಿಶ್ಶಿನಂಥ ಪೊರೆ ಕಟ್ಟುತ್ತದೆ. ಆ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆಯಾಗಿ ಮೂಲೆಗೆ ಎಸೆಯಬಾರದು, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಬಯಲಲ್ಲಿ ಒಣಗಿಸಬೇಕು.

ಹಾಗೆ ತೊಳೆಯುತ್ತಿದ್ದಾಗ ಹೊರಬಳೆಯ ಮೈಯಲ್ಲಿ ಸುತ್ತಲೂ ಹೆಬ್ಬೆರಳು ಹೋಗುವಷ್ಟು ದೊಡ್ಡ ರಂಧ್ರಗಳು ಕಾಣಿಸಿದವು, ಒಟ್ಟು ಹದಿನೆಂಟು. ಎಂಜಿನ್ನು ಶುರುಮಾಡುವ ಮೊದಲು ಅದರಲ್ಲಿ ಹಾರೆ ತೂರಿಸಿ ಗಾಲಿಯನ್ನು ಸರಿಯಾದ ಜಾಗಕ್ಕೆ ತಿರುಗಿಸಿ ನಿಲ್ಲಿಸುತ್ತಿದ್ದರು. ಪ್ರತಿ ರಂಧ್ರದ ಒಂದು ಬದಿಯ ಅಂಚು ಮಾತ್ರ ಸವೆದು ನುಣುಪಾಗಿತ್ತು, ಇನ್ನೊಂದು ಬದಿ ಎರಕದ ದಿನವಿದ್ದ ಹಾಗೇ ಒರಟಾಗಿತ್ತು. ಆ ನುಣುಪಿನಲ್ಲಿ ಅಪ್ಪನ ಇಪ್ಪತ್ತೆರಡು ವರ್ಷಗಳ ಬೆಳಗುಗಳೂ ಸೇರಿವೆ. ನಾನು ಬಹಳ ಹೊತ್ತು ಅದರ ಮೇಲೆ ಬೆರಳಾಡಿಸುತ್ತ ಕುಳಿತಿದ್ದೆ. ಗುಂಬದ ನಡುವಿನ ರಂಧ್ರವನ್ನು ಒರೆಸಿದಾಗ ಅದು ಇನ್ನೂ ಕನ್ನಡಿಯಂತೆ ಹೊಳೆಯಿತು. ಎರಡೂ ಹೋಳುಗಳ ಬೋಲ್ಟು ಬಿಗಿದರೆ ಆ ಗುಂಬವೇ ಒಂದು ದೊಡ್ಡ ಹಿಡಿಕೆ, ಶಾಫ್ಟನ್ನು ಅಷ್ಟು ವರ್ಷ ಕಚ್ಚಿಹಿಡಿದದ್ದೂ ಅದೇ. ಗಾಲಿಯನ್ನು ಮಲಗಿಸಿ, ಶಾಫ್ಟಿನ ಜಾಗದಲ್ಲಿ ಕಂಬ ನಿಲ್ಲಿಸಿದರೆ ಆ ಕಂಬವನ್ನು ಗಾಳಿ ಬೀಳಿಸಲಾರದು, ತಳಪಾಯ ಹಾಕುವ ಅಗತ್ಯವೂ ಇಲ್ಲ ಎಂಬುದು ಆಗ ಹೊಳೆಯಿತು.

ತಳಪಾಯ ಬೇಡವೆಂಬುದು ನಮ್ಮ ಎರಿಭೂಮಿಯಲ್ಲಿ ಸಣ್ಣ ಮಾತಲ್ಲ. ಕರಿಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಕೈ ತೂರುವಷ್ಟು ಅಗಲಕ್ಕೆ ಬಿರಿಯುತ್ತದೆ. ಅದರಲ್ಲಿ ಹೂತ ಕಂಬ ನಾಲ್ಕು ಮಳೆಗಾಲದಲ್ಲಿ ವಾಲುತ್ತದೆ, ಕಾಂಕ್ರೀಟಿನ ಕಟ್ಟೆ ಸೀಳುತ್ತದೆ. ನಮ್ಮ ಹೊಲದ ರಸ್ತೆಬದಿಯ ಮೂಲೆಯಲ್ಲಿ, ಕೂಲಿಯ ಹೆಣ್ಣುಮಕ್ಕಳು ಟಂಟಂ ಗಾಡಿಗೆ ಕಾಯುವ ಜಾಗದಲ್ಲಿ, ಎರಡಡಿ ಮಣ್ಣು ತೆಗೆದು ಗರಸು ತುಂಬಿ ನೀರು ಹೊಡೆದು ಧಮ್ಮಸ್ ಮಾಡಿದೆವು. ಗುಂಬವು ಹೊರಬಳೆಗಿಂತ ಎರಡು ಬೆರಳು ಹೊರಚಾಚಿರುವುದರಿಂದ ನಡುವೆ ಒಂದು ತಗ್ಗು ಬಿಟ್ಟೆವು. ಇಲ್ಲದಿದ್ದರೆ ಗಾಲಿ ಗುಂಬದ ಮೇಲೆ ಕುಳಿತು ಬುಗುರಿಯಂತೆ ಓಲಾಡುತ್ತದೆ. ಎರಡು ಹೋಳುಗಳನ್ನು ಅಲ್ಲೇ ಕೂಡಿಸಿದೆವು. ನೆಲ ಉಬ್ಬಿದರೂ ಕುಗ್ಗಿದರೂ ಇಡೀ ಗಾಲಿ ಒಂದೇ ತುಂಡಾಗಿ ಏರಿಳಿಯುತ್ತದೆ, ಒಡೆಯಲು ಅಲ್ಲಿ ಏನೂ ಇಲ್ಲ.

ಕಂಬಕ್ಕೆ ಐದಿಂಚಿನ ಉಕ್ಕಿನ ಪೈಪು ತಂದೆ. ಅದರ ಹೊರವ್ಯಾಸ 139.7 ಮಿ.ಮೀ., ಗುಂಬದ ರಂಧ್ರ 150 ಮಿ.ಮೀ. ನಡುವಿನ ಸಂದಿಗೆ ಲೇಥಿನಲ್ಲಿ ಒಂದು ಬುಶ್, ಅಂದರೆ ಸಂದಿ ತುಂಬುವ ಬಳೆ, ತಿರುಗಿಸಿ, ಪೈಪಿಗೆ ಉಕ್ಕಿನದೊಂದು ಚಾವಿಯನ್ನು, ಅಂದರೆ ಕಂಬ ತಿರುಗದಂತೆ ತಡೆಯುವ ತುಂಡನ್ನು, ಕೂರಿಸಿ, ಗುಂಬದಲ್ಲಿ ಚಾವಿಗೆಂದೇ ಮೊದಲಿನಿಂದ ಇದ್ದ ಗಾಡಿಯಲ್ಲೇ ಇಳಿಸಿದೆ. ಬೋಲ್ಟು ಬಿಗಿದ ಮೇಲೆ ಕಂಬ ಅಲುಗಲಿಲ್ಲ, ತಿರುಗಲೂ ಇಲ್ಲ. ಮೇಲೆ ಹನ್ನೆರಡು ಪೈಪಿನ ಕಡ್ಡಿಗಳ ಕೊಡೆ, 3.6 ಮೀಟರ್ ವ್ಯಾಸ, ಹೊದಿಕೆಗೆ ಕಬ್ಬಿನ ರವದಿ. ತಗಡು ಹೊದಿಸಿದರೆ ಬಾಳಿಕೆ ಹೆಚ್ಚು ನಿಜ, ಆದರೆ ಮಧ್ಯಾಹ್ನ ಅದರಡಿ ತಲೆ ಸಿಡಿಯುತ್ತದೆ. ರವದಿಯನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿದರಾಯಿತು.

ಮೇ ತಿಂಗಳ ಬಿರುಗಾಳಿಯ ಲೆಕ್ಕವನ್ನು ಮೂರು ಸಲ ಮಾಡಿದೆ, ಏಕೆಂದರೆ ಅದರಡಿ ಜನ ಕೂರುತ್ತಾರೆ. ಗಂಟೆಗೆ 144 ಕಿ.ಮೀ. ವೇಗದ ಗಾಳಿ ಬಂತೆಂದು ಹಿಡಿದರೆ ಪ್ರತಿ ಚದರ ಮೀಟರಿಗೆ ಸುಮಾರು 98 ಕಿಲೋ ಒತ್ತಡ ಬೀಳುತ್ತದೆ. ಕೊಡೆಯನ್ನು ಮೇಲಕ್ಕೆ ಕೀಳುವ ಬಲ ಸುಮಾರು ಒಂದು ಟನ್. ಗಾಲಿಯ ತೂಕದಲ್ಲಿ ಅದನ್ನು ಕಳೆದರೂ 780 ಕಿಲೋ ನೆಲದ ಮೇಲೆ ಉಳಿಯುತ್ತದೆ. ಅದು ಅಂಚಿನಿಂದ ಒಂದು ಮೀಟರ್ ಐದು ಸೆಂ.ಮೀ. ದೂರದಲ್ಲಿ ನಿಂತು ಬೀಳದಂತೆ ಎಳೆದು ಹಿಡಿಯುವ ಬಲ ಸುಮಾರು 819 ಕಿಲೋಗ್ರಾಂ-ಮೀಟರ್, ಅಂದರೆ ಅಷ್ಟು ಕಿಲೋ ಭಾರವನ್ನು ಒಂದು ಮೀಟರಿನ ಸನ್ನೆಯ ತುದಿಗೆ ತೂಗುಹಾಕಿದಂತೆ. ಪಕ್ಕದಿಂದ ತಳ್ಳಿ ಉರುಳಿಸುವ ಬಲ ಅದೇ ಅಳತೆಯಲ್ಲಿ 530. ಎರಡೂ ಒಟ್ಟಿಗೆ ಬಂದರೂ ಗಾಲಿ ಏಳುವುದಿಲ್ಲ. ಈ ವರ್ಷದ ಮೊದಲ ಗಾಳಿಯಲ್ಲಿ ಪಕ್ಕದ ಹೊಲದ ತಗಡಿನ ಶೆಡ್ಡು ಹಾರಿತು. ನಮ್ಮ ಕೊಡೆಯಿಂದ ನಾಲ್ಕು ಹಿಡಿ ರವದಿ ಹೋಯಿತು.

ಸಿಡಿಲಿನ ಮಾತು ಬೇರೆ. ಬಯಲಿನಲ್ಲಿ ಒಂಟಿಯಾಗಿ ನಿಂತ ಕಬ್ಬಿಣದ ಕಂಬದ ಹತ್ತಿರ ಗುಡುಗು ಸಿಡಿಲಿನ ಹೊತ್ತಿನಲ್ಲಿ ಯಾರೂ ನಿಲ್ಲಕೂಡದು, ಅರ್ಥಿಂಗ್ ಕೊಟ್ಟಿದ್ದರೂ ನಿಲ್ಲಕೂಡದು. ಕಂಬಕ್ಕೆ ತಾಮ್ರದ ಪಟ್ಟಿಯಿಂದ ಅರ್ಥಿಂಗ್ ಕೊಟ್ಟಿದ್ದೇನೆ, ಅದರ ಜೊತೆಗೆ ದೊಡ್ಡ ಅಕ್ಷರದಲ್ಲಿ ಒಂದು ಫಲಕವನ್ನೂ ಹಾಕಿದ್ದೇನೆ: "ಇದು ಬಿಸಿಲಿಗೆ ಮಾತ್ರ. ಗುಡುಗು ಕೇಳಿದ ಕೂಡಲೇ ಇಲ್ಲಿಂದ ಎದ್ದು ಪಕ್ಕಾ ಮನೆಯೊಳಗೆ ಹೋಗಿರಿ." ಓದಲು ಬಾರದವರಿಗೆ ಅವ್ವ ಬಾಯಿಂದಲೇ ಹೇಳಿದ್ದಾಳೆ, ಒಮ್ಮೆಯಲ್ಲ, ಹತ್ತು ಸಲ.

ಇದನ್ನು ನೋಡಿದವರು ತಮ್ಮಲ್ಲಿರುವ ವಸ್ತುಗಳ ಬಗ್ಗೆ ಕೇಳುತ್ತಿರುತ್ತಾರೆ. ರಬಕವಿ-ಬನಹಟ್ಟಿಯ ಕಡೆ ಹಳೆಯ ಪವರ್‌ಲೂಮಿನ ಬೀಡಿನ ಪಕ್ಕದ ಚೌಕಟ್ಟುಗಳು ಜೋಡಿಯಾಗಿ ಸಿಗುತ್ತವೆ. ಅವುಗಳಿಗೆ ಬೋಲ್ಟಿನ ರಂಧ್ರಗಳು ಮೊದಲೇ ಇರುವುದರಿಂದ ಹಲಗೆ ಬಿಗಿದರೆ ಉದ್ದನೆಯ ಬೆಂಚು ಸಿದ್ಧವಾಗುತ್ತದೆ. ಮಹಾಲಿಂಗಪುರದ ಸುತ್ತ ಬೆಲ್ಲ ಕುದಿಸುವ ದೊಡ್ಡ ಕಡಾಯಿಗಳು ತಳ ತೆಳುವಾಗಿ ಮೂಲೆ ಸೇರಿರುತ್ತವೆ, ಅವು ದನಗಳ ನೀರಿನ ದೋಣಿಗೆ ಹೇಳಿ ಮಾಡಿಸಿದಂತಿವೆ. ಸಕ್ಕರೆ ಕಾರ್ಖಾನೆಯ ಅರೆಯುವ ರೋಲರುಗಳನ್ನು ಮಾತ್ರ ಮನೆಗೆ ತರಲು ಹೋಗಬೇಡಿ. ಅವುಗಳ ತೂಕ ಹಲವು ಟನ್ನು, ಒಮ್ಮೆ ಉರುಳಲು ಹಿಡಿದರೆ ನಿಲ್ಲಿಸುವವರಿಲ್ಲ. ಯಾವುದನ್ನೇ ತಂದರೂ ಅದರ ರಂಧ್ರಗಳು ಎಲ್ಲಿವೆ, ಅದು ಯಾವ ಕಡೆಯಿಂದ ಭಾರ ಹೊರುತ್ತಿತ್ತು ಎಂಬುದನ್ನು ಮೊದಲು ನೋಡಿರಿ. ಬೀಡು ಒತ್ತಿದರೆ ತಡೆಯುತ್ತದೆ, ಎಳೆದರೆ ಅದರ ಕಾಲು ಪಾಲು ಬಲಕ್ಕೇ ಬಿರಿಯುತ್ತದೆ. ಆದ್ದರಿಂದ ಅದನ್ನು ಮಲಗಿಸಿರಿ ಇಲ್ಲವೇ ಕೂರಿಸಿರಿ, ಆದರೆ ತೂಗುಹಾಕಬೇಡಿ.

ಗಾಲಿಯ ಅರಗಳ ನಡುವಿನ ಆರು ಜಾಗಗಳಿಗೆ ಗರಸು ತುಂಬಿ, ಇಳಕಲ್ಲಿನಿಂದ ತಂದ ಕೆಂಪು ಗ್ರಾನೈಟಿನ ತುಂಡುಗಳನ್ನು ಹಾಸಿದ್ದೇವೆ. ಅವ್ವ ಈಗ ಎತ್ತಿನ ಮಾತು ಎತ್ತುವುದಿಲ್ಲ. ಅಂಚಿನ ಹದಿನೆಂಟು ರಂಧ್ರಗಳಲ್ಲಿ ನಾಲ್ಕಕ್ಕೆ ಜಾಲಿಯ ಗೂಟ ಬಡಿದು ಆಡು ಕಟ್ಟುತ್ತಾರೆ. ಒಂದಕ್ಕೆ ಯಾರೋ ನೀರಿನ ಕ್ಯಾನು ತೂಗುಹಾಕಲು ಕೊಕ್ಕೆ ಮಾಡಿಕೊಂಡಿದ್ದಾರೆ. ಕಳೆ ತೆಗೆಯಲು ಬರುವ ಹೆಣ್ಣುಮಕ್ಕಳು ಹನ್ನೆರಡೂವರೆಗೆ ಬುತ್ತಿ ಬಿಚ್ಚುವುದು ಅಲ್ಲೇ. ಹೋದ ವಾರ ಅವರಲ್ಲಿ ಹಿರಿಯಳೊಬ್ಬಳು ಸವೆದ ರಂಧ್ರದ ಅಂಚನ್ನು ಮುಟ್ಟಿ ನೋಡಿ, "ಯಣ್ಣಾ, ಇದು ಗಿರಣ್ಯಾಂದ ಅಲ್ಲೇನು? ನಾ ಸಣ್ಣಾಕಿದ್ದಾಗ ಅಲ್ಲಿ ಅರಳಿ ಆರಿಸಾಕ ಹೋಗತಿದ್ದೆ, ಇದರ ಸಪ್ಪಳಕ್ಕ ನಮ್ಮ ಮಾತ ನಮಗ ಕೇಳಸ್ತಿರಲಿಲ್ಲ" ಎಂದಳು. ಆಮೇಲೆ ಬುತ್ತಿಯ ಬಟ್ಟೆಯನ್ನು ಅದರ ಮೇಲೇ ಹಾಸಿ ರೊಟ್ಟಿ ಮುರಿದಳು.